ಇಪ್ಪತ್ತೆರಡನೇ ಫ್ಲಾಪಿ

ಕಳೆದ ಜುಲೈನಲ್ಲಿ ನಮ್ಮ ಸಾಗರದಲ್ಲಿ ಮಳೆ ಹೇಗೆ ಹಿಡಿಯಿತೆಂದರೆ ಶಾಲೆಗೆ ನಾಲ್ಕು ದಿನ ಒಂದೇ ಸಮ ರಜೆ. ಎರಡು ದಿನ ಮಗಳು ಚಿತ್ರ ಬರೆದಳು, ಹಪ್ಪಳ ಸುಟ್ಟುಕೊಂಡು ತಿಂದಳು, ಬೆಕ್ಕಿಗೆ ಸ್ನಾನ ಮಾಡಿಸಲು ಹೋಗಿ ಕೈ ಪರಚಿಸಿಕೊಂಡಳು. ಮೂರನೇ ದಿನ ಬೆಳಿಗ್ಗೆಯೇ "ಆಯಿ, ಎಂತ ಮಾಡ್ಲಿ?" ಶುರುವಾಯಿತು. ನಾನೂ ರಜೆ ಹಾಕಿ ಮನೆಯಲ್ಲಿದ್ದೆ. ಲ್ಯಾಪ್‌ಟಾಪ್ ತೆಗೆದು, "ಬಾ, ನಾನು ಅರ್ಧಕ್ಕೆ ಬಿಟ್ಟ ಕೆಲಸ ಒಂದಿದೆ, ಮುಗಿಸೋಣ" ಅಂದೆ.

ಆ ಕೆಲಸ ಬಾಕಿಯಾಗಿದ್ದು 1997ರಲ್ಲಿ, ಶಿರಸಿಯ ದೊಡ್ಡಪ್ಪನ ಮನೆಯಲ್ಲಿ. ನಾನಾಗ ಒಂಬತ್ತನೇ ಕ್ಲಾಸು. ಅಡಿಕೆ ಮೂಟೆ ಪೇರಿಸಿಟ್ಟ ಕೋಣೆಯ ಮೂಲೆಯಲ್ಲಿ, ದೊಡ್ಡಮ್ಮ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಒಂದು ಕಂಪ್ಯೂಟರ್ ಕೂತಿರುತ್ತಿತ್ತು. ಅಣ್ಣನಿಗೆ (ದೊಡ್ಡಪ್ಪನ ಮಗ) ಇಂಜಿನಿಯರಿಂಗ್ ಕಾಲೇಜಿನ ಗೆಳೆಯನೊಬ್ಬ ಫ್ಲಾಪಿಗಳಲ್ಲಿ 'ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್' ತುಂಬಿಸಿ ಕೊಟ್ಟಿದ್ದ. ಕಡಲ್ಗಳ್ಳರ ಆಟದ ಕಳ್ಳ ಪ್ರತಿ! ಆಟ ಶುರುವಾಗಬೇಕಾದರೆ ಮೊದಲು ಪರದೆಯ ಮೇಲೆ ಒಬ್ಬ ಕಡಲ್ಗಳ್ಳನ ಮುಖ ಬರುತ್ತದೆ. ನಮ್ಮ ಕೈಯಲ್ಲಿರುವ ಎರಡು ರಟ್ಟಿನ ಚಕ್ರಗಳನ್ನು ತಿರುಗಿಸಿ, ಮುಖದ ಮೇಲರ್ಧ ಕೆಳಗರ್ಧ ಹೊಂದಿಸಿ, ಕಿಂಡಿಯಲ್ಲಿ ಕಾಣುವ ಇಸವಿಯನ್ನು ಒತ್ತಬೇಕು. ದುಡ್ಡು ಕೊಟ್ಟು ತಂದವರಿಗೆ ಮಾತ್ರ ಆ ಚಕ್ರ ಸಿಗುತ್ತಿತ್ತು, ಕಳ್ಳ ಪ್ರತಿ ತಡೆಯಲು ಕಂಪನಿ ಮಾಡಿದ ಉಪಾಯ ಅದು. ಅಣ್ಣ ಅದನ್ನೂ ಜೆರಾಕ್ಸ್ ಮಾಡಿಸಿ, ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿ, ನಡುವೆ ಗುಂಡುಸೂಜಿ ಚುಚ್ಚಿಟ್ಟಿದ್ದ.

ಆಟ ಬಂದದ್ದು 1990ರಲ್ಲಿ. ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನ ರಾನ್ ಗಿಲ್ಬರ್ಟ್, ಟಿಮ್ ಶೇಫರ್, ಡೇವ್ ಗ್ರಾಸ್‌ಮನ್ ಸೇರಿ ಮಾಡಿದ್ದು. ಗೈಬ್ರಷ್ ತ್ರೀಪ್‌ವುಡ್ ಎಂಬ ಬಡಕಲು ಹುಡುಗ ಮೆಲೀ ದ್ವೀಪಕ್ಕೆ ಬಂದಿಳಿದು ನಾನು ಕಡಲ್ಗಳ್ಳನಾಗಬೇಕು ಎನ್ನುತ್ತಾನೆ. ಹೆಸರಿನ ಕಥೆ ಕೇಳಿದರೆ ನಗು ಬರುತ್ತದೆ. ನಾಯಕನಿಗೆ ಇನ್ನೂ ಹೆಸರಿಟ್ಟಿರಲಿಲ್ಲವಾದ್ದರಿಂದ ಅವನ ಚಿತ್ರಕ್ಕೆ ಸುಮ್ಮನೆ 'ಗೈ' ಎನ್ನುತ್ತಿದ್ದರಂತೆ. ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅಂಥ ಫೈಲಿಗೆ 'ಬ್ರಷ್' ಎಂದು ಹೆಸರು. ಎರಡೂ ಕೂಡಿ ಗೈಬ್ರಷ್. ನಮ್ಮ ಕಡೆ ಮಗು ಹುಟ್ಟಿ ಹನ್ನೆರಡನೇ ದಿನಕ್ಕೆ ಇಷ್ಟೆಲ್ಲ ಜಾತಕ ನೋಡಿ ಹೆಸರಿಡುತ್ತಾರೆ!

ಮೌಸಿನಲ್ಲಿ ಒತ್ತುವುದಷ್ಟೇ ಆಟ. ಪರದೆಯ ಕೆಳಗೆ ಕ್ರಿಯಾಪದಗಳು ಸಾಲಾಗಿರುತ್ತವೆ: ತೆರೆ, ಮುಚ್ಚು, ಎತ್ತಿಕೋ, ಕೊಡು, ಮಾತಾಡು, ತಳ್ಳು, ಎಳೆ. ಕ್ರಿಯಾಪದ ಒತ್ತಿ, ವಸ್ತು ಒತ್ತಿದರೆ ವಾಕ್ಯವಾಗುತ್ತದೆ. ಕನ್ನಡ ಶಾಲೆಯಲ್ಲಿ ಓದುತ್ತಿದ್ದ ನನಗೆ ಅದು ಇಂಗ್ಲಿಷ್ ವ್ಯಾಕರಣದ ಪಾಠದ ಹಾಗೇ ಇತ್ತು, ಹೊಡೆಯುವ ಮಾಸ್ತರರು ಇರಲಿಲ್ಲ ಅಷ್ಟೇ.

ನಾವು ಸಿಕ್ಕಿಬಿದ್ದದ್ದು ಸೇತುವೆಯ ಹತ್ತಿರ. ಅಲ್ಲೊಬ್ಬ ರಾಕ್ಷಸ ಕೂತಿದ್ದಾನೆ. ದಾಟಬೇಕಾದರೆ ಸುಂಕ ಕೊಡು ಎನ್ನುತ್ತಾನೆ. ಎಂಥ ಸುಂಕ? ಎಲ್ಲರ ಗಮನ ಸೆಳೆಯುವಂಥದ್ದು, ಆದರೆ ನಿಜಕ್ಕೂ ಯಾವ ಮಹತ್ವವೂ ಇಲ್ಲದ್ದು. ನಾನೂ ಅಣ್ಣನೂ ಒಂದು ವಾರ ತಲೆ ಕೆರೆದುಕೊಂಡೆವು. ದ್ವೀಪದ ಹೋಟೆಲಿನ ಹಿಂದೆ ಕಟ್ಟೆಯ ಮೇಲೆ ಒಂದು ಕಡಲಹಕ್ಕಿ ಕೆಂಪು ಮೀನು ಕುಕ್ಕುತ್ತಿತ್ತು, ಆಟದಲ್ಲಿ ಅದಕ್ಕೆ 'ರೆಡ್ ಹೆರಿಂಗ್' ಎಂದು ಹೆಸರು. ಅಣ್ಣ ನಿಘಂಟು ತೆಗೆದು ನೋಡಿದ. "ಹೆರಿಂಗ್ ಅಂದ್ರೆ ಒಂದು ಜಾತಿ ಮೀನು ಮಾರಾಯ್ತಿ." ಮೀನು ತಿನ್ನದ ಮನೆಯವರಾದ ನಮಗೆ ಎಲ್ಲ ಮೀನೂ ಒಂದೇ. ಸೇತುವೆಗೂ ಮೀನಿಗೂ ಎಂಥ ಸಂಬಂಧ ಎಂದು ಬಿಟ್ಟುಬಿಟ್ಟೆವು. ಇಂಗ್ಲಿಷಿನವರು ದಾರಿ ತಪ್ಪಿಸುವ ಸುಳಿವಿಗೆ ಹಾಗೆ ಹೇಳುತ್ತಾರೆಂದು ನನಗೆ ಗೊತ್ತಾದದ್ದು ಬಿ.ಎ. ಮಾಡುವಾಗ. ಕ್ಲಾಸಿನಲ್ಲಿ ಕೂತವಳು ಥಟ್ಟನೆ "ಅಯ್ಯೋ, ಆ ಹಕ್ಕಿ!" ಅಂದೆ, ಎಲ್ಲರೂ ತಿರುಗಿ ನೋಡಿದರು.

ಅಷ್ಟರೊಳಗೆ ಅಣ್ಣನಿಗೆ ಇನ್ನೊಂದು ಆಘಾತವೂ ಆಗಿತ್ತು. ಕಾಡಿನಲ್ಲೊಂದು ಮರದ ಬುಡ ಇದೆ. ಅದರೊಳಗೆ ಇಣುಕಿದರೆ ಗೈಬ್ರಷ್ "ಇಲ್ಲೊಂದು ಸುರಂಗ ಇದೆ" ಎನ್ನುತ್ತಾನೆ, ಒಡನೆ ಪರದೆ ಕಪ್ಪಾಗಿ "ಡಿಸ್ಕ್ 22 ಹಾಕಿ" ಎಂದು ಬರುತ್ತದೆ. ಆಮೇಲೆ 36. ಆಮೇಲೆ 114. ನಮ್ಮ ಹತ್ತಿರ ಇದ್ದ ಫ್ಲಾಪಿಗಳು ಒಂದು ಕೈಯ ಬೆರಳಲ್ಲಿ ಎಣಿಸುವಷ್ಟು. ಅರ್ಧ ಆಟ ಕೊಟ್ಟು ಮೋಸ ಮಾಡಿದ ಎಂದು ಅಣ್ಣ ಆ ಗೆಳೆಯನ ಜೊತೆ ಮಾತು ಬಿಟ್ಟ. ಆಟವೂ ಅಲ್ಲಿಗೇ ನಿಂತಿತು.

ಈಗ ನಾನು ತೆಗೆದದ್ದು 2009ರಲ್ಲಿ ಹೊಸ ಚಿತ್ರ, ಹೊಸ ದನಿ ಕೂಡಿಸಿ ಬಂದ ಆವೃತ್ತಿ, ಈ ಸಲ ದುಡ್ಡು ಕೊಟ್ಟೇ. ಅದರಲ್ಲಿ ಎಫ್10 ಒತ್ತಿದರೆ ಹೊಸ ಚಿತ್ರ ಮಾಯವಾಗಿ ಹಳೆಯದು ಬರುತ್ತದೆ. ಮಗಳು ಹೊಸದೇ ಚೆನ್ನಾಗಿದೆ ಎಂದಳು. ನನಗೆ ಮಾತ್ರ ಆ ಹಳೆ ನೀಲಿ ರಾತ್ರಿಯೇ ಬೇಕು. ಮೆಲೀ ದ್ವೀಪದಲ್ಲಿ ಬೆಳಗಾಗುವುದೇ ಇಲ್ಲ, ಊರಿನ ಗಡಿಯಾರದಲ್ಲಿ ಯಾವಾಗಲೂ ಹತ್ತು ಗಂಟೆ. ಹೊಸ ಗೈಬ್ರಷ್‌ನ ಕೂದಲು ಬೇರೆ, ಹಸು ನೆಕ್ಕಿದ ಹಾಗೆ ನಿಂತಿದೆ. ಹೊತ್ತಿಗೊಂದು ಸಲ ಎಫ್10 ಒತ್ತುವುದು, ಅವಳು ಮತ್ತೆ ಒತ್ತುವುದು, ಇದೇ ಒಂದು ಜಗಳವಾಯಿತು.

ಹಕ್ಕಿ ಓಡಿಸುವುದು ಅವಳಿಗೆ ಐದು ನಿಮಿಷದ ಕೆಲಸ. ಅಡುಗೆಯವನು ಹೊರಗೆ ಬಂದಾಗ ಒಳಗೆ ನುಗ್ಗಿ, ಹಿತ್ತಿಲ ಬಾಗಿಲಿನಿಂದ ಕಟ್ಟೆಗೆ ಹೋಗಿ, ಸಡಿಲಾದ ಹಲಗೆಯ ತುದಿ ಮೆಟ್ಟಿದರೆ ಹಲಗೆ ಎದ್ದು ಹಕ್ಕಿಗೆ ಬಡಿಯುತ್ತದೆ. ಎರಡು ಮೂರು ಸಲ ಮೆಟ್ಟಿ ಮೀನು ಎತ್ತಿಕೊಂಡಳು. ಸೇತುವೆಯ ಹತ್ತಿರ ನಾನು ಇಂಗ್ಲಿಷಿನ ಆ ಮಾತಿನ ಅರ್ಥ ಹೇಳಿದೆ. ಕನ್ನಡದಲ್ಲಿ ಹಾಗೆ ಏನೆನ್ನುತ್ತಾರೆ ಎಂದು ಕೇಳಿದಳು. ಸರಿಯಾಗಿ ಹೊಂದುವುದು ಸಿಗದೆ, ಕಣ್ಣಿಗೆ ಮಣ್ಣೆರಚುವುದು ಅಂತ ಹೇಳಬಹುದೇನೋ ಎಂದೆ.

"ಹಾಗಾದ್ರೆ ಕನ್ನಡದಲ್ಲಿ ಈ ಆಟ ಮಾಡಿದ್ರೆ ರಾಕ್ಷಸಂಗೆ ಮಣ್ಣು ಕೊಡ್ಬೇಕಿತ್ತು."

ಅಲ್ಲಿಂದ ಆಟ ಬೇರೆಯೇ ಆಯಿತು. ಯಾಕೆಂದರೆ ಸೇತುವೆ ದಾಟಿದ ಮೇಲೆ ಬರುವುದು ಕತ್ತಿವರಸೆ, ಅದನ್ನು ಗೆಲ್ಲುವುದು ಕತ್ತಿಯಿಂದಲ್ಲ. ಎದುರಾಳಿ ಒಂದು ಬೈಗುಳ ಹೇಳುತ್ತಾನೆ, ಅದಕ್ಕೆ ತಕ್ಕ ಉತ್ತರ ಕೊಟ್ಟರೆ ನಾವು ಒಂದು ಹೆಜ್ಜೆ ಮುಂದೆ, ತೊದಲಿದರೆ ಹಿಂದೆ. ಮೊದಲಿಗೆ ನಮಗೆ ಏನೂ ಬರುವುದಿಲ್ಲ. ದಾರಿಯಲ್ಲಿ ಸಿಕ್ಕ ಕಡಲ್ಗಳ್ಳರ ಹತ್ತಿರ ಬೈಸಿಕೊಂಡು ಸೋತು, ಆ ಬೈಗುಳವನ್ನೇ ಮುಂದಿನವನ ಮೇಲೆ ಎಸೆದು, ಅವನು ಕೊಡುವ ಉತ್ತರ ಕಲಿತುಕೊಳ್ಳಬೇಕು. ಹಳೆಯ ಕಡಲ್ಗಳ್ಳರ ಸಿನಿಮಾಗಳಲ್ಲಿ ಕತ್ತಿಗಿಂತ ಹೆಚ್ಚು ಮಾತೇ ಆಡುವುದನ್ನು ನೋಡಿ ಗಿಲ್ಬರ್ಟ್‌ಗೆ ಇದು ಹೊಳೆದದ್ದಂತೆ.

ನನಗೆ ಇದು ಎಲ್ಲೋ ನೋಡಿದ ಹಾಗಿದೆ ಅನ್ನಿಸುತ್ತಲೇ ಇತ್ತು. ಅಜ್ಜ ತಾಳಮದ್ದಳೆಯ ಅರ್ಥಧಾರಿ. ಮಳೆಗಾಲದಲ್ಲಿ ಯಕ್ಷಗಾನ ಮೇಳದ ಆಟ ನಿಂತಮೇಲೆ ಹೊನ್ನಾವರದ ನಮ್ಮ ಮನೆಯ ಜಗಲಿಯಲ್ಲೇ ಕೂಟ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು, ಶಾಲು ಹೊದ್ದು ಕೂತು ಮಾತಿನಲ್ಲೇ ಯುದ್ಧ. ಶರಸೇತು ಬಂಧನದಲ್ಲಿ ಅಜ್ಜ ಹನುಮಂತ. ಒಮ್ಮೆ ಎದುರು ಕೂತ ಅರ್ಜುನ ಯಾರೂ ಕೇಳದ ಪ್ರಶ್ನೆ ಎತ್ತಿದ. ಅಜ್ಜ ಎಲೆಯಡಿಕೆ ಒಂದು ಸುತ್ತು ಅಗಿದು, ಹಿಂದಿನ ವಾರ ಸಂಧಾನದಲ್ಲಿ ಕೃಷ್ಣನಾಗಿ ಆಡಿದ ಮಾತನ್ನೇ ಹನುಮಂತನ ಬಾಯಲ್ಲಿ ತಿರುಗಿಸಿ ಕೊಟ್ಟರು. ಹಿಂದಿನ ವಾರ ಕೇಳಿದವರೆಲ್ಲ ನಕ್ಕರು, ಅರ್ಜುನನೂ.

ಮೆಲೀ ದ್ವೀಪದ ಕತ್ತಿ ಗುರು ಕಾರ್ಲಾ ಮಾಡುವುದೂ ಅದನ್ನೇ. ಅವಳ ಬೈಗುಳಗಳು ಎಲ್ಲ ಹೊಸವು, ದಾರಿಯಲ್ಲಿ ಒಂದನ್ನೂ ಕೇಳಿರುವುದಿಲ್ಲ. ಆದರೆ ಉತ್ತರಗಳು ನಾವು ಕಲಿತ ಹಳೆಯವೇ, ಯಾವುದಕ್ಕೆ ಯಾವುದು ಕೂರುತ್ತದೆಂದು ನಾವೇ ಹೊಳೆಸಿಕೊಳ್ಳಬೇಕು. ದಾರಿಯಲ್ಲಿ ಒಬ್ಬ, ನೀನು ಹಾಲಿನವನ ಹಾಗೆ ಕಾದಾಡುತ್ತೀ ಎನ್ನುತ್ತಾನೆ. ಅದಕ್ಕೆ ಉತ್ತರ, ಸರಿಯಾಯಿತು, ನೀನು ಹಸುವಿನ ಹಾಗೆ ಕಾದಾಡುತ್ತೀ. ಕಾರ್ಲಾ ಬಂದು, ನಿನ್ನ ಮೈಯ ರಕ್ತವನ್ನೆಲ್ಲ ಕರೆದುಬಿಡುತ್ತೇನೆ ಎನ್ನುತ್ತಾಳೆ. ಅದಕ್ಕೂ ಅದೇ ಹಸು.

ಮಗಳು ಒಪ್ಪಲಿಲ್ಲ. "ಆಕಳು ಅಂದ್ರೆ ಬೈದಂಗೆ ಆಗ್ತದಾ? ಎಮ್ಮೆ ಅನ್ಬೇಕು." ಸರಿ ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಮ್ಮದೇ ಪಟ್ಟಿ ಶುರುಮಾಡಿದೆವು.

"ಹಾಲು ಕರೆಯೋನ ಹಂಗೆ ಕತ್ತಿ ಹಿಡಿದೀಯಲ್ಲೋ!"

"ಕರೆಯಣ ಅಂತ್ಲೇ ಬಂದೆ, ನೋಡಿದ್ರೆ ನೀನು ಕೋಣ!"

ಇದು ಅವಳದ್ದು. ಮೂಲಕ್ಕಿಂತ ಒಂದು ಕೈ ಮೇಲೆ ಎಂದು ನನ್ನ ಅಭಿಪ್ರಾಯ, ತಾಯಿಯ ಅಭಿಪ್ರಾಯ ಎಂದು ಬಿಡಬಹುದು. ನನ್ನ ನಾಲಿಗೆ ಯಾವ ಖಡ್ಗಕ್ಕಿಂತಲೂ ಹರಿತ ಎನ್ನುತ್ತಾಳೆ ಕಾರ್ಲಾ. ಆಟದ ಉತ್ತರದಲ್ಲಿ ಬರುವುದು ಧೂಳು ಹೊಡೆಯುವ ಗರಿಯ ಕುಂಚ. ನಾವು ಮಾಡಿದ್ದು: "ಹೌದಾ? ಮೊದ್ಲು ಅದನ್ನ ಕಸಬರಿಗೆ ಹಂಗೆ ಆಡ್ಸೋದು ಬಿಡು." ನಡುವೆ ಕರೆಂಟು ಹೋಯಿತು. ಬ್ಯಾಟರಿ ಮುಗಿಯುವ ತನಕ ಆಡಿ, ಆಮೇಲೆ ಕತ್ತಲೆಯಲ್ಲಿ ಕೂತು ಬೈದಾಡಿಕೊಂಡೆವು. ಪಕ್ಕದ ಮನೆಯ ಶಾರದಕ್ಕ ಕಿಟಕಿಯಿಂದ "ಎಂತ ಆತೇ, ಮಗು ಮೇಲೆ ಯಾಕೆ ಕೂಗ್ತೆ?" ಎಂದು ಕೇಳಿದರು.

ಈ ಆಟದಲ್ಲಿ ನನಗೆ ತುಂಬ ಇಷ್ಟವಾದದ್ದು, ಇದು ಮಕ್ಕಳನ್ನು ಹೆದರಿಸಿ ಶಿಕ್ಷಿಸುವುದಿಲ್ಲ. ಆ ಕಾಲದ ಎಷ್ಟೋ ಸಾಹಸದ ಆಟಗಳಲ್ಲಿ ತಪ್ಪು ಕಡೆ ಕಾಲಿಟ್ಟರೆ ಸಾವು, ಮತ್ತೆ ಮೊದಲಿನಿಂದ. ಹಾಗೆ ಮಾಡುವುದು ತಪ್ಪು ಎಂದು ಗಿಲ್ಬರ್ಟ್ 1989ರಲ್ಲೇ ಲೇಖನ ಬರೆದಿದ್ದ. ಅದನ್ನು ಅಣಕಿಸುವ ಒಂದು ಜಾಗವೂ ಇದೆ. ಕೋತಿ ದ್ವೀಪದಲ್ಲಿ ಗೈಬ್ರಷ್ ಬಂಡೆಯ ತುದಿಯಿಂದ ಕೆಳಗೆ ಬೀಳುತ್ತಾನೆ, ಕೆಲಸ ಕೆಟ್ಟಿತು, ಮೊದಲಿನಿಂದ ಆಡು ಎಂಬ ಚೌಕ ಬರುತ್ತದೆ. ಮಗಳ ಮುಖ ಸಪ್ಪಗಾಯಿತು. ಎರಡು ಕ್ಷಣಕ್ಕೆ ಅವನು ಕೆಳಗಿಂದ ಚೆಂಡಿನ ಹಾಗೆ ಪುಟಿದು ಮೇಲೆ ಬಂದು ನಿಂತು, "ರಬ್ಬರ್ ಮರ" ಎನ್ನುತ್ತಾನೆ.

ಸಾಯುವ ಜಾಗ ಒಂದೇ ಒಂದು. ಮೂರ್ತಿಯೊಂದಕ್ಕೆ ಕಟ್ಟಿ ಅವನನ್ನು ಸಮುದ್ರಕ್ಕೆ ಎಸೆಯುತ್ತಾರೆ. ಹಗ್ಗ ಕತ್ತರಿಸುವಂಥ ಹರಿತದ ಸಾಮಾನುಗಳೆಲ್ಲ ಸುತ್ತಲೂ ಬಿದ್ದಿವೆ, ಒಂದೂ ಕೈಗೆ ಎಟುಕುವುದಿಲ್ಲ. ಹತ್ತು ನಿಮಿಷ ಉಸಿರು ಹಿಡಿಯಬಲ್ಲೆ ಎಂದು ಅವನು ಮೊದಲಿಂದ ಜಂಬ ಕೊಚ್ಚಿಕೊಂಡಿರುತ್ತಾನೆ. ಉಪಾಯ ಸುಲಭ: ಮೂರ್ತಿಯನ್ನೇ ಎತ್ತಿಕೊಂಡು ನಡೆಯುವುದು. ಮಗಳಿಗೆ ಅದು ಹೊಳೆದಿತ್ತು, ಆದರೆ ಹತ್ತು ನಿಮಿಷ ನಿಜವಾ ಎಂದು ನೋಡಲೇಬೇಕಿತ್ತು. ಗೋಡೆ ಗಡಿಯಾರ ನೋಡುತ್ತ ಕೂತೆವು. ಕುಕ್ಕರ್ ಮೂರು ಸೀಟಿ ಹೊಡೆಯಿತು, ಎದ್ದುಹೋಗಿ ಆರಿಸಿ ಬಂದೆ, ಇವನಿನ್ನೂ ಗುಳ್ಳೆ ಬಿಡುತ್ತಿದ್ದ. ಹತ್ತಕ್ಕೆ ಸರಿಯಾಗಿ ಬಣ್ಣ ಕೆಟ್ಟು ತೇಲಿದ. ಎಫ್10 ಒತ್ತಿ ಹಳೆಯದರಲ್ಲಿ ನೋಡಿದರೆ ಕೆಳಗಿನ ಕ್ರಿಯಾಪದಗಳೂ ಬದಲಾಗಿದ್ದವು: ತೇಲು, ಉಬ್ಬು, ಕೊಳೆ, ಸುಳಿವಿನ ಪುಸ್ತಕ ತರಿಸು. ಉಳಿಸಿಟ್ಟ ಆಟ ತೆರೆದು ಮುಂದುವರಿದೆವು.

ನಾಲ್ಕನೇ ದಿನ ಸಂಜೆ ಮುಗಿಯಿತು. ಭೂತದ ಕಡಲ್ಗಳ್ಳ ಲೆಚಕ್ ಗವರ್ನರ್ ಎಲೇನ್‌ಳನ್ನು ಹೊತ್ತೊಯ್ದು ಮದುವೆಯಾಗಲು ಹೊರಟಿದ್ದಾನೆ. ಗೈಬ್ರಷ್ ಅಷ್ಟು ದೂರ ಹೋಗಿ, ಚರ್ಚಿಗೆ ನುಗ್ಗಿ ಮದುವೆ ನಿಲ್ಲಿಸಿದರೆ, ಮದುವಣಗಿತ್ತಿಯ ಬಟ್ಟೆಯೊಳಗೆ ಇರುವುದು ಎರಡು ಮಂಗಗಳು. ಎಲೇನ್ ತಾನೇ ತಪ್ಪಿಸಿಕೊಂಡು ಎಲ್ಲ ಏರ್ಪಾಟು ಮಾಡಿಕೊಂಡಿದ್ದಳು, ಇವನು ಬಂದು ಅದನ್ನು ಕೆಡಿಸಿದ. "ಹಂಗಾದ್ರೆ ಇವ ಹೋಗಿದ್ದೇ ದಂಡ" ಎಂದು ಮಗಳು ಕೈ ತಟ್ಟಿ ನಕ್ಕಳು. ಎಲ್ಲ ಮುಗಿದ ಮೇಲೆ ಗೈಬ್ರಷ್ ತಾನು ಕಲಿತದ್ದನ್ನು ಹೇಳುತ್ತಾನೆ: ಕಂಪ್ಯೂಟರ್ ಆಟಕ್ಕೆ ಇಪ್ಪತ್ತು ಡಾಲರಿಗಿಂತ ಜಾಸ್ತಿ ಕೊಡಬೇಡಿ.

ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಮಳೆ, ಕೊಳೆರೋಗ, ಔಷಧಿ ಹೊಡೆಯಲು ಆಳು ಸಿಗದಿರುವುದು ಎಲ್ಲ ಆದಮೇಲೆ ವಿಷಯ ಹೇಳಿದೆ. ಮರದ ಬುಡದೊಳಗೆ ಸುರಂಗವೇ ಇಲ್ಲ, 22ನೇ ಡಿಸ್ಕೂ ಇಲ್ಲ, ಅದು ಆಟ ಮಾಡಿದವರ ತಮಾಷೆ, ಎಷ್ಟೋ ಜನ ನಮ್ಮ ಹಾಗೇ ನಂಬಿದ್ದಕ್ಕೆ ಮುಂದಿನ ಆವೃತ್ತಿಯಲ್ಲಿ ತೆಗೆದೇ ಹಾಕಿದರು ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು.

"36 ಮತ್ತೆ 114?"

"ಅದೂ ಇಲ್ಲ."

"ಥೋ," ಎಂದ ಅಣ್ಣ. "ಅವನ ಮದುವೆಗೂ ಹೋಗ್ಲಿಲ್ವಲ್ಲೇ ನಾನು."