ಹೂವಿನ ಈರುಳ್ಳಿ, ಎರಡನೇ ವರ್ಷ: ನ್ಯೂಜೆರ್ಸಿಯ ಹಿತ್ತಲಿನಿಂದ

ಡ್ರಮ್‌ಸ್ಟಿಕ್ ಆಲಿಯಂ (ನುಗ್ಗೆಯಲ್ಲ, ಹೂವಿನ ಈರುಳ್ಳಿಯ ಒಂದು ಜಾತಿ) ಈ ವಾರ ಪೂರ್ತಿ ಬಣ್ಣ ಕಟ್ಟಿದೆ. ಈ ಸಲದ ಗಡ್ಡೆಹೂಗಳಲ್ಲಿ ಇದೇ ಕೊನೆಯದು. ಹಾಗಾಗಿ ಕಳೆದ ಅಕ್ಟೋಬರಿನಿಂದ ಈ ಜುಲೈವರೆಗೆ ಆದದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ಆಲಿಯಂ ಅಂದರೆ ಈರುಳ್ಳಿ, ಬೆಳ್ಳುಳ್ಳಿಯದೇ ಕುಲ. ಆದರೆ ಇವು ಅಡುಗೆಗಲ್ಲ, ಹೂವಿಗೆಂದೇ ಬೆಳೆಸುವ ಜಾತಿಗಳು. ನಮ್ಮ ಬೀದಿಯಲ್ಲಿ ಜಿಂಕೆಗಳದ್ದೇ ಕಾರುಬಾರು. ಟ್ಯೂಲಿಪ್ ಮೊಗ್ಗು ಬಿಟ್ಟರೆ ಬೆಳಗಾಗುವುದರೊಳಗೆ ಬುಡಸಮೇತ ಖಾಲಿ. ಆಲಿಯಂಗೆ ಮಾತ್ರ ಬಾಯಿ ಹಾಕುವುದಿಲ್ಲ, ಆ ಘಾಟು ಅವಕ್ಕೆ ಆಗದು. ಅಳಿಲುಗಳೂ ಗಡ್ಡೆ ಕೆದಕುವುದಿಲ್ಲ.

ಮೊದಲ ವರ್ಷ ಹೂ ಚೆನ್ನಾಗಿಯೇ ಬಂದಿತ್ತು. ಆದರೆ ಹೂ ಅರಳುವ ಹೊತ್ತಿಗೆ ಬುಡದ ಎಲೆಗಳು ತುದಿಯಿಂದ ಹಳದಿಯಾಗುತ್ತಾ ನೆಲಕ್ಕೆ ಒರಗಿದವು. ನೋಡಿದವರೆಲ್ಲ "ಗಿಡಕ್ಕೆ ರೋಗ ಬಂದಿದೆಯಲ್ಲ" ಅಂದರು. ಅದು ರೋಗವಲ್ಲ, ಈ ಗಿಡದ ಜೀವನಕ್ರಮವೇ ಹಾಗೆ. ದೊಡ್ಡ ಹೂಚೆಂಡಿನ ಜಾತಿಗಳು ಬಹುಪಾಲು ಇರಾನ್ ಮತ್ತು ಮಧ್ಯ ಏಷ್ಯಾದ ಬೆಟ್ಟಗುಡ್ಡಗಳವು. ಅಲ್ಲಿ ಚಳಿಗಾಲಕ್ಕೆ ಹಿಮ, ವಸಂತಕ್ಕೆ ಒಂದಿಷ್ಟು ನೀರು, ಆಮೇಲೆ ಬೇಸಿಗೆಯುದ್ದಕ್ಕೂ ಒಣಬಿಸಿಲು. ಮಣ್ಣಿನಲ್ಲಿ ಪಸೆ ಇರುವಷ್ಟರಲ್ಲೇ ಎಲೆ ಬಿಟ್ಟು, ಮುಂದಿನ ವರ್ಷದ ಬುತ್ತಿಯನ್ನು ಗಡ್ಡೆಯಲ್ಲಿ ಕಟ್ಟಿಟ್ಟು, ಬೇಸಿಗೆ ಬಲಿಯುವ ಮುಂಚೆ ಗಿಡ ನೆಲದೊಳಗೆ ಮಲಗಿಬಿಡುತ್ತದೆ. ಹಳದಿ ಕಂಡಿತೆಂದು ಎಲೆ ಕತ್ತರಿಸಿದರೆ ಆ ಬುತ್ತಿಗೇ ಕತ್ತರಿ. ಕತ್ತರಿಸದೆ ಕಣ್ಣಿಗೆ ಕಾಣದ ಹಾಗೆ ಮಾಡಬೇಕು. ಬೇಸಿಗೆಯಲ್ಲಿ ಗಡ್ಡೆ ಒಣಗಿರುವಂತೆಯೂ ನೋಡಿಕೊಳ್ಳಬೇಕು. ಈ ವರ್ಷದ ಕೆಲಸವೆಲ್ಲ ಈ ಎರಡರ ಸುತ್ತಲೇ.

ಅಕ್ಟೋಬರ್ ಕೊನೆ

ನಮ್ಮದು ಅಂಟು ಜೇಡಿಮಣ್ಣು. ಇಲ್ಲಿ ಬೇಸಿಗೆಯಲ್ಲೂ ಗುಡುಗುಮಳೆ ಸುರಿಯುತ್ತದೆ, ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಡ್ರೈವ್‌ವೇ ಪಕ್ಕದ ಇಳಿಜಾರನ್ನು ಆರಿಸಿಕೊಂಡೆ: ದಿನವಿಡೀ ಬಿಸಿಲು, ಹುಲ್ಲಿಗೆ ಬಿಡುವ ಸ್ಪ್ರಿಂಕ್ಲರ್ ನೀರು ಅಲ್ಲಿಗೆ ತಲುಪುವುದಿಲ್ಲ. ಅಗೆದ ಮಣ್ಣಿಗೆ ಸಣ್ಣ ಜಲ್ಲಿ, ಸ್ವಲ್ಪ ಕಾಂಪೋಸ್ಟ್ ಬೆರೆಸಿದೆ. ಅಲ್ಲಿ ಆಗಲೇ ಪುದೀನ ಬಳಗದ ನೆಪೇಟಾ (ಕ್ಯಾಟ್‌ಮಿಂಟ್) ಪೊದೆಗಳಿದ್ದವು, ಅವುಗಳ ನಡುವೆಯೇ ಗಡ್ಡೆ ಊರಿದೆ. ಗಡ್ಡೆ ಎಷ್ಟು ಎತ್ತರವೋ ಅದರ ಮೂರು ಪಟ್ಟು ಆಳ ಅನ್ನುವುದು ಲೆಕ್ಕ. ಪರ್ಪಲ್ ಸೆನ್ಸೇಷನ್, ಕ್ರಿಸ್ಟೋಫಿಯಂಥ ದೊಡ್ಡ ಚೆಂಡಿನ ಆಲಿಯಂಗಳಿಗೆ 15 ಸೆಂ.ಮೀ. ಇಟ್ಟೆ. ಡ್ರಮ್‌ಸ್ಟಿಕ್ ಗಡ್ಡೆಗಳು ಸಾಂಬಾರ್ ಈರುಳ್ಳಿಗಿಂತಲೂ ಪುಟ್ಟವು, ಅವಕ್ಕೆ 10 ಸೆಂ.ಮೀ. ಧಾರಾಳ.

ಮಾರ್ಚ್, ಏಪ್ರಿಲ್

ಮಾರ್ಚ್ ಮಧ್ಯದಲ್ಲಿ ಮೂತಿ ತೋರಿದವು. ಏಪ್ರಿಲ್ ಪೂರ್ತಿ ನಾನು ನೋಡಿದ್ದು ಎಲೆಯ ಮೇಲಿನ ಚುಕ್ಕೆಗಳನ್ನು. ಆಲಿಯಂ ಲೀಫ್‌ಮೈನರ್ ಅನ್ನುವ ಸಣ್ಣ ನೊಣ 2015ರಲ್ಲಿ ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಪತ್ತೆಯಾಯಿತು, ಆಮೇಲೆ ನಮ್ಮ ರಾಜ್ಯಕ್ಕೂ ಬಂತು. ಹೆಣ್ಣು ನೊಣ ಎಲೆ ಚುಚ್ಚಿದ ಕಡೆ ಬಿಳಿ ಚುಕ್ಕೆಗಳು ಸಾಲಾಗಿ, ನೂಲು ಹಿಡಿದು ಇಟ್ಟಷ್ಟು ನೇರವಾಗಿ ಕಾಣುತ್ತವೆ. ಮರಿಹುಳು ಎಲೆಯೊಳಗೇ ಕೊರೆಯುತ್ತಾ ಗಡ್ಡೆಯತ್ತ ಇಳಿಯುತ್ತದೆ. ತರಕಾರಿ ಮಡಿಯ ಬೆಳ್ಳುಳ್ಳಿಯಲ್ಲಿ ಆ ಸಾಲು ಸಿಕ್ಕಿತು, ಕೂಡಲೇ ಬಲೆ ಹೊದಿಸಿದೆ. ಹೂವಿನ ಮಡಿಯಲ್ಲಿ ಕಾಣಲಿಲ್ಲ. ಹಾಗೆಂದು ನೋಡುವುದನ್ನು ಬಿಡುವಂತಿಲ್ಲ, ಸೆಪ್ಟೆಂಬರಿಗೆ ಅದರ ಎರಡನೇ ಪೀಳಿಗೆ ಏಳುತ್ತದೆ.

ಮೇ

ಪರ್ಪಲ್ ಸೆನ್ಸೇಷನ್ ಮೊದಲು ಅರಳಿತು. ಎಲೆ ಹಳದಿಯಾಗುವ ವಾರಕ್ಕೆ ಸರಿಯಾಗಿ ನೆಪೇಟಾ ತಿಳಿನೀಲಿ ಹೂ ಬಿಟ್ಟು ಎರಡೂ ಪಕ್ಕಕ್ಕೆ ಹರಡಿಕೊಂಡಿತು. ದಂಟುಗಳು ಅದರೊಳಗಿಂದ ನೆಟ್ಟಗೆ ಮೇಲೆದ್ದವು, ಎಲೆ ಪೂರ್ತಿ ಮರೆ. ಜಿಂಕೆಗಳಿಗೆ ನೆಪೇಟಾವೂ ಸೇರುವುದಿಲ್ಲ. ಈ ಜೋಡಿಯನ್ನು ಯಾರಿಗಾದರೂ ಕಣ್ಣು ಮುಚ್ಚಿ ಹೇಳುತ್ತೇನೆ.

ತಿಂಗಳ ಕೊನೆಗೆ ಕ್ರಿಸ್ಟೋಫಿ. ನನಗೆ ಎಲ್ಲಕ್ಕಿಂತ ಇಷ್ಟ ಇದೇ. ದಂಟು ಮೊಣಕಾಲೆತ್ತರ, ಹೂಚೆಂಡು 20 ಸೆಂ.ಮೀ. ಹತ್ತಿರ. ಬಗ್ಗಿ ನೋಡಿದರೆ ಪ್ರತಿ ಹೂವೂ ಆರು ಚೂಪು ಎಸಳಿನ ನಕ್ಷತ್ರ. ಎಸಳಿನ ನಡುವೆ ಹಸಿರು ಗೆರೆ, ಅಂಚಿಗೆ ಬೆಳ್ಳಿ ಸವರಿದಂಥ ನೇರಳೆ ಹೊಳಪು, ಮಧ್ಯದಲ್ಲಿ ಹಸಿರು ಗುಂಡು. ಬೆಳಗಿನ ಚಳಿಗೆ ದೊಡ್ಡ ದುಂಬಿಗಳು ಅದಕ್ಕೆ ಜೋತುಬಿದ್ದು ಅಲುಗಾಡದೆ ಕೂತಿದ್ದವು, ಬಿಸಿಲು ತಾಗಿದ ಮೇಲೆ ಒಂದೊಂದೇ ಕೆಲಸಕ್ಕಿಳಿದವು.

ಊರಿಂದ ಬಂದಿದ್ದ ಅವ್ವ ಒಂದು ಎಲೆ ಚಿವುಟಿ ಮೂಸಿ, "ಉಳ್ಳಾಗಡ್ಡಿ ಬೀಜಕ್ಕ ಬಿಟ್ಟಾಗ ಹೊಲದಾಗ ಬರೋ ಬಿಳಿ ಗುಂಡು ಹೂವಿನ ಅಕ್ಕ-ತಂಗಿ ಇದು" ಅಂದಳು. ಗದಗಿನ ಕಡೆ ಈರುಳ್ಳಿ ಹೊಲದಲ್ಲೇ ಬೆಳೆದವಳಿಗೆ ಸಸ್ಯಶಾಸ್ತ್ರದ ಪುಸ್ತಕ ಬೇಕಾಗಲಿಲ್ಲ.

ಜೂನ್

ಗ್ಲೋಬ್‌ಮಾಸ್ಟರ್ ಭರ್ಜರಿ ಹೂ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಒಂದು ಗಡ್ಡೆಯ ದುಡ್ಡಿಗೆ ಡ್ರಮ್‌ಸ್ಟಿಕ್ ಗಡ್ಡೆಗಳ ಒಂದು ಚೀಲವೇ ಬರುತ್ತದೆ. ಸಣ್ಣ ಹಿತ್ತಲಿಗೆ ಎರಡೋ ಮೂರೋ ಇದ್ದರೆ ಸಾಕು. ಅದು ಬೀಜ ಕಟ್ಟದ ತಳಿ, ಆದ್ದರಿಂದ ಹೂ ಬಹಳ ದಿನ ನಿಲ್ಲುತ್ತದೆ. ಪರ್ಪಲ್ ಸೆನ್ಸೇಷನ್ ಹಾಗಲ್ಲ, ಬೀಜ ಚೆಲ್ಲಿಕೊಂಡು ಸುತ್ತಲೂ ಮೊಳೆಯುತ್ತದೆ, ಆ ಸಸಿಗಳ ಬಣ್ಣ ತಾಯಿಯಷ್ಟು ಗಾಢ ಇರುವುದಿಲ್ಲ. ಅದರ ಚೆಂಡುಗಳನ್ನು ಬೀಜ ಬಲಿಯುವ ಮುಂಚೆ ಕತ್ತರಿಸಿದೆ. ಕ್ರಿಸ್ಟೋಫಿಯದನ್ನು ಹಾಗೇ ಬಿಟ್ಟೆ, ಒಣಗಿದ ಮೇಲೂ ನಕ್ಷತ್ರದ ಆಕಾರ ಕೆಡುವುದಿಲ್ಲ.

ಜುಲೈ

ಡ್ರಮ್‌ಸ್ಟಿಕ್ ಮೊಗ್ಗಿನಲ್ಲಿ ಹಸಿರು. ನೆತ್ತಿಯಿಂದ ಕೆಂಪು-ನೇರಳೆ ಬಣ್ಣ ಇಳಿಯುತ್ತಾ ಬರುತ್ತದೆ, ನಡುವೆ ಕೆಲವು ದಿನ ಎರಡೂ ಬಣ್ಣ ಒಟ್ಟಿಗೆ. ದಂಟು ತಂತಿಯಷ್ಟು ಸಣ್ಣ, ಒಂದೆರಡೇ ನೆಟ್ಟರೆ ಕಾಣಿಸುವುದೇ ಇಲ್ಲ, ಗುಂಪಾಗಿಯೇ ಊರಬೇಕು.

ಬೆಂಗಳೂರಿನ ತಂಗಿ ತನಗೂ ಗಡ್ಡೆ ಬೇಕೆಂದು ಕೇಳಿದ್ದಾಳೆ. ಈ ದೊಡ್ಡ ಚೆಂಡಿನವು ಅಲ್ಲಿ ಬೇಡ. ಹೂದಂಟು ಏಳಲು ಗಡ್ಡೆಗೆ ವಾರಗಟ್ಟಲೆ ಗಟ್ಟಿ ಚಳಿ ತಾಗಬೇಕು, ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ಬೆಳ್ಳುಳ್ಳಿ ಘಮದ ಸೊಪ್ಪಿನ ಚೈನೀಸ್ ಚೈವ್ಸ್ ಅಥವಾ ಅದೇ ಬಳಗದ, ದಕ್ಷಿಣ ಆಫ್ರಿಕಾ ಮೂಲದ ಟುಲ್ಬಾಘಿಯಾ ಕುಂಡದಲ್ಲಿ ನೆಟ್ಟುಕೋ ಅಂದಿದ್ದೇನೆ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಮಾತ್ರ ಎಚ್ಚರ, ಈರುಳ್ಳಿ ಕುಲದ ಯಾವುದನ್ನು ತಿಂದರೂ ಅವಕ್ಕೆ ವಿಷ.

ಆಗಸ್ಟ್‌ಗೆ ಖಾಲಿ ಬೀಳುವ ಜಾಗಕ್ಕೆ 'ಮಿಲೇನಿಯಂ' ಅನ್ನುವ ಆಲಿಯಂ ತರುವ ಯೋಚನೆ ಇದೆ. ಮ್ಯಾಸಚೂಸೆಟ್ಸ್‌ನಲ್ಲಿ ಬೆಳೆಸಿದ ತಳಿ, 2018ರಲ್ಲಿ ಅಮೆರಿಕದ ವರ್ಷದ ಬಹುವಾರ್ಷಿಕ ಗಿಡ ಎಂದು ಆಯ್ಕೆಯಾದದ್ದು. ಅದರ ಎಲೆ ಬೇಸಿಗೆಯಲ್ಲೂ ಹಸಿರಾಗಿಯೇ ಇರುತ್ತದೆ, ಮರೆ ಮಾಡುವ ಗೊಡವೆ ಇಲ್ಲ. ಇದನ್ನು ಕುಂಡದ ಗಿಡವಾಗಿ ಮಾರುತ್ತಾರೆ, ಅಕ್ಟೋಬರಿಗೆ ಕಾಯಬೇಕಿಲ್ಲ. ಬಿಸಿಲಿನ ಝಳ ತುಸು ಇಳಿದ ಕೂಡಲೇ ಇಳಿಜಾರಿನ ಮೇಲ್ತುದಿಯಲ್ಲಿ ನೆಡುತ್ತೇನೆ.