ನಾಣ್ಯದ ಯಂತ್ರದಿಂದ ಹುಟ್ಟಿದ ಕಂಪನಿ: ಸೆಗಾ

ವಿಡಿಯೋ ಆಟಗಳಿಗೆ ಹೆಸರಾದ ಜಪಾನಿ ಕಂಪನಿ ಸೆಗಾ ಹುಟ್ಟಿದ್ದು ಜಪಾನಿನಲ್ಲಲ್ಲ, ಹವಾಯಿಯ ಹೊನೊಲುಲುವಿನಲ್ಲಿ. 1940ರಲ್ಲಿ ಮಾರ್ಟಿನ್ ಬ್ರೋಮ್ಲಿ, ಅರ್ವಿಂಗ್ ಬ್ರೋಂಬರ್ಗ್ ಮತ್ತು ಜೇಮ್ಸ್ ಹಂಪರ್ಟ್ ಎಂಬ ಮೂವರು ಸೇರಿ ಸ್ಟ್ಯಾಂಡರ್ಡ್ ಗೇಮ್ಸ್ ಎಂಬ ವ್ಯವಹಾರ ಆರಂಭಿಸಿ, ಸೇನಾ ನೆಲೆಗಳಿಗೆ ಸ್ಲಾಟ್ ಯಂತ್ರಗಳನ್ನು, ಅಂದರೆ ನಾಣ್ಯ ಹಾಕಿ ಅದೃಷ್ಟ ನೋಡಿಕೊಳ್ಳುವ ಜೂಜಿನ ಯಂತ್ರಗಳನ್ನು, ಒದಗಿಸತೊಡಗಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಕಂಪನಿಯನ್ನು ಮಾರಿ, ಸರ್ವಿಸ್ ಗೇಮ್ಸ್ ಎಂಬ ಹೊಸ ಕಂಪನಿ ಕಟ್ಟಿ ಅದೇ ವ್ಯವಹಾರವನ್ನು ಮುಂದುವರಿಸಿದರು. 1951ರಲ್ಲಿ ಅಮೆರಿಕ ಸರ್ಕಾರ ತನ್ನ ಅಧೀನ ಪ್ರದೇಶಗಳಲ್ಲಿ ಇಂತಹ ಯಂತ್ರಗಳನ್ನು ಕಾನೂನಿನ ಮೂಲಕ ನಿರ್ಬಂಧಿಸಿದಾಗ, ಬ್ರೋಮ್ಲಿ ತನ್ನ ನೌಕರರಾದ ರಿಚರ್ಡ್ ಸ್ಟೀವರ್ಟ್ ಮತ್ತು ರೇ ಲೆಮೇರ್ ಅವರನ್ನು ಟೋಕಿಯೋಗೆ ಕಳುಹಿಸಿ, ಜಪಾನಿನಲ್ಲಿದ್ದ ಅಮೆರಿಕದ ಸೇನಾ ನೆಲೆಗಳಲ್ಲಿ ಹೊಸ ಮಾರುಕಟ್ಟೆ ಹುಡುಕಿಕೊಂಡ. ಸರ್ವಿಸ್ ಮತ್ತು ಗೇಮ್ಸ್ ಎಂಬ ಪದಗಳ ಇಂಗ್ಲಿಷ್ ಬರಹದಲ್ಲಿನ ಮೊದಲ ಎರಡೆರಡು ಅಕ್ಷರಗಳು ಸೇರಿ ಸೆಗಾ ಎಂಬ ಹೆಸರಾಯಿತು.

ಈ ಹುಟ್ಟಿನ ವಿವರವನ್ನು ಹೆಚ್ಚಿನವರು ಒಂದು ಕುತೂಹಲದ ಸಂಗತಿಯೆಂದು ಓದಿ ಬದಿಗಿಡುತ್ತಾರೆ. ನನಗೆ ಮಾತ್ರ ಸೆಗಾದ ಇಡೀ ಚರಿತ್ರೆಯ ಬೀಗದ ಕೈ ಇಲ್ಲಿಯೇ ಇದೆ ಎನಿಸುತ್ತದೆ. ಈ ಕಂಪನಿ ಮೊದಲಿನಿಂದಲೂ ನಾಣ್ಯದ ಯಂತ್ರಗಳ ಕಂಪನಿ. ಮನೆಯ ಟಿವಿಗೆ ಜೋಡಿಸುವ ಕನ್ಸೋಲ್‌ಗಳನ್ನು ಅದು ಸುಮಾರು 18 ವರ್ಷ ತಯಾರಿಸಿತು. ಜನರ ನೆನಪಿನಲ್ಲಿ ಉಳಿದದ್ದೂ ಆ 18 ವರ್ಷಗಳೇ. ಆದರೆ ಆ ಅವಧಿಯಲ್ಲಿ ಅದು ಗೆದ್ದದ್ದಕ್ಕೂ ಸೋತದ್ದಕ್ಕೂ ಕಾರಣ ಹುಡುಕಬೇಕಾದರೆ ನಾಣ್ಯದ ಯಂತ್ರವನ್ನು ನಡೆಸುವವರ ಲೆಕ್ಕಾಚಾರವನ್ನು ಅರಿಯಬೇಕು.

ಆ ಲೆಕ್ಕಾಚಾರವನ್ನು ಕಂಪನಿಗೆ ತಂದುಕೊಟ್ಟ ಮುಖ್ಯ ವ್ಯಕ್ತಿ ಡೇವಿಡ್ ರೋಸೆನ್. ಅಮೆರಿಕದ ವಾಯುಪಡೆಯಲ್ಲಿದ್ದು ಜಪಾನನ್ನು ಕಂಡ ರೋಸೆನ್, 1954ರಲ್ಲಿ ಟೋಕಿಯೋದಲ್ಲಿ ರೋಸೆನ್ ಎಂಟರ್‌ಪ್ರೈಸಸ್ ಸ್ಥಾಪಿಸಿದರು. ಗುರುತಿನ ಚೀಟಿಗಳಿಗೆ ಭಾವಚಿತ್ರದ ಅಗತ್ಯ ಎಲ್ಲೆಡೆ ಇದ್ದ ಆ ಕಾಲದಲ್ಲಿ, ಸ್ಟುಡಿಯೋಗಿಂತ ಕಡಿಮೆ ಹಣಕ್ಕೆ, ಕಡಿಮೆ ಸಮಯದಲ್ಲಿ ಫೋಟೋ ತೆಗೆದುಕೊಡುವ ಬೂತ್‌ಗಳನ್ನು ಅವರು ಆಮದು ಮಾಡಿಕೊಂಡರು. ಬಳಿಕ ನಾಣ್ಯ ಹಾಕಿ ಆಡುವ ಆಟದ ಯಂತ್ರಗಳನ್ನೂ ತರಿಸಿದರು. ಇತ್ತ ಸರ್ವಿಸ್ ಗೇಮ್ಸ್‌ನ ಜಪಾನ್ ಶಾಖೆ 1960ರಲ್ಲಿ ಮುಚ್ಚಿ, ಅದರ ವ್ಯವಹಾರ ನಿಹೊನ್ ಗೊರಾಕು ಬುಸ್ಸಾನ್ ಮತ್ತು ನಿಹೊನ್ ಕಿಕಾಯ್ ಸೆಯ್ಜೊ ಎಂಬ ಎರಡು ಕಂಪನಿಗಳ ಪಾಲಾಗಿತ್ತು. 1964ರಲ್ಲಿ ಈ ಎರಡೂ ಒಂದಾದವು. 1965ರಲ್ಲಿ ರೋಸೆನ್ ಎಂಟರ್‌ಪ್ರೈಸಸ್ ಕೂಡ ಅದರಲ್ಲಿ ಸೇರಿ ಸೆಗಾ ಎಂಟರ್‌ಪ್ರೈಸಸ್ ಎಂಬ ಕಂಪನಿ ರೂಪುಗೊಂಡಿತು, ರೋಸೆನ್ ಅದರ ಮುಖ್ಯಸ್ಥರಾದರು.

ಮರುವರ್ಷವೇ ಬಂದ ಪೆರಿಸ್ಕೋಪ್ ಎಂಬ ಯಂತ್ರ ಸೆಗಾವನ್ನು ಜಗತ್ತಿಗೆ ಪರಿಚಯಿಸಿತು. ಜಲಾಂತರ್ಗಾಮಿಯ ಪೆರಿಸ್ಕೋಪಿನಲ್ಲಿ ಕಣ್ಣಿಟ್ಟು, ಎದುರಿಗೆ ಹಾದುಹೋಗುವ ಹಡಗುಗಳ ಮೇಲೆ ದೀಪ ಮತ್ತು ಸದ್ದಿನ ಟಾರ್ಪಿಡೋ ಹಾರಿಸುವ ಆಟವದು. ಅದರಲ್ಲಿ ಪರದೆಯೂ ಇರಲಿಲ್ಲ, ಕಂಪ್ಯೂಟರೂ ಇರಲಿಲ್ಲ, ಎಲ್ಲವೂ ವಿದ್ಯುತ್ ಮತ್ತು ಯಾಂತ್ರಿಕ ಜೋಡಣೆಯ ಕೆಲಸ. ಅಮೆರಿಕದಲ್ಲಿ ಇಂತಹ ಆಟಗಳಿಗೆ ಸಾಮಾನ್ಯವಾಗಿ 10 ಸೆಂಟ್ ಇದ್ದಾಗ ಪೆರಿಸ್ಕೋಪ್‌ಗೆ 25 ಸೆಂಟ್ ದರವಿಡಲಾಯಿತು, ಜನ ಅಷ್ಟನ್ನೂ ಕೊಟ್ಟು ಆಡಿದರು. ದೊಡ್ಡ ಗಾತ್ರ, ಕಣ್ಣು ಕೋರೈಸುವ ಹೊಸತನ, ಅದಕ್ಕೆ ತಕ್ಕ ದರ ಎಂಬ ಈ ಸೂತ್ರವನ್ನು ಸೆಗಾ ಮುಂದೆಂದೂ ಬಿಡಲಿಲ್ಲ. 1985ರಲ್ಲಿ ಯು ಸುಝುಕಿ ರೂಪಿಸಿದ ಹ್ಯಾಂಗ್ ಆನ್ ಆಟದಲ್ಲಿ ಆಟಗಾರ ಮೋಟಾರ್‌ಸೈಕಲ್ ಆಕಾರದ ಯಂತ್ರವನ್ನು ಏರಿ ಮೈವಾಲಿಸಿ ತಿರುವು ತೆಗೆದುಕೊಳ್ಳಬೇಕಾಗಿದ್ದುದರ ಹಿಂದೆಯೂ ಇದೇ ಸೂತ್ರವಿತ್ತು.

1969ರಲ್ಲಿ ಸೆಗಾವನ್ನು ಗಲ್ಫ್ ಅಂಡ್ ವೆಸ್ಟರ್ನ್ ಎಂಬ ಅಮೆರಿಕನ್ ಉದ್ಯಮ ಸಮೂಹ ಕೊಂಡುಕೊಂಡಿತು. ಪ್ಯಾರಮೌಂಟ್ ಚಲನಚಿತ್ರ ಸಂಸ್ಥೆಯೂ ಅದೇ ಸಮೂಹದ್ದಾಗಿತ್ತು. ರೋಸೆನ್ ಮುಖ್ಯಸ್ಥರಾಗಿಯೇ ಉಳಿದರು. 1979ರಲ್ಲಿ ಸೆಗಾ ಖರೀದಿಸಿದ ಎಸ್ಕೊ ಎಂಬ ವಿತರಣಾ ಕಂಪನಿಯ ಜೊತೆಗೆ ಅದರ ಸ್ಥಾಪಕ ಹಯಾವೊ ನಕಾಯಾಮಾ ಕೂಡ ಒಳಗೆ ಬಂದರು, ಮುಂದಿನ ಎರಡು ದಶಕಗಳ ಸೆಗಾವನ್ನು ಆಳಿದವರು ಅವರೇ. 1982ರಲ್ಲಿ 21.4 ಕೋಟಿ ಡಾಲರ್ ಆದಾಯ ಕಂಡಿದ್ದ ಕಂಪನಿಗೆ ಆರ್ಕೇಡ್‌ಗಳ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳಿರುವ ಮಳಿಗೆಗಳ, ಮಾರುಕಟ್ಟೆಯ ಕುಸಿತ ದೊಡ್ಡ ಪೆಟ್ಟು ಕೊಟ್ಟಿತು. ಆ ಹೊತ್ತಿನಲ್ಲಿ, 1983ರ ಜುಲೈ 15ರಂದು, ಸೆಗಾ ತನ್ನ ಮೊದಲ ಮನೆ ಕನ್ಸೋಲ್ ಎಸ್‌ಜಿ-1000 ಅನ್ನು ಜಪಾನಿನಲ್ಲಿ ಬಿಡುಗಡೆ ಮಾಡಿತು. ಅದೇ ದಿನ ಪ್ರತಿಸ್ಪರ್ಧಿ ಜಪಾನಿ ಕಂಪನಿ ನಿಂಟೆಂಡೊ ತನ್ನ ಫ್ಯಾಮಿಕಾಮ್ ಕನ್ಸೋಲನ್ನೂ ಅಂಗಡಿಗೆ ತಂದಿತು. ಗಲ್ಫ್ ಅಂಡ್ ವೆಸ್ಟರ್ನ್‌ನ ಮುಖ್ಯಸ್ಥ ಚಾರ್ಲ್ಸ್ ಬ್ಲೂಡಾರ್ನ್ ಅದೇ ವರ್ಷ ತೀರಿಕೊಂಡಿದ್ದರು, ಆ ಸಮೂಹಕ್ಕೆ ಸೆಗಾದಲ್ಲಿ ಆಸಕ್ತಿ ಉಳಿದಿರಲಿಲ್ಲ. 1984ರಲ್ಲಿ ರೋಸೆನ್ ಮತ್ತು ನಕಾಯಾಮಾ, ಸಿಎಸ್‌ಕೆ ಎಂಬ ಜಪಾನಿ ಕಂಪ್ಯೂಟರ್ ಸೇವಾ ಕಂಪನಿಯ ಬೆಂಬಲ ಪಡೆದು, 3.8 ಕೋಟಿ ಡಾಲರ್‌ಗೆ ಸೆಗಾದ ಜಪಾನಿನ ಆಸ್ತಿಯನ್ನು ಬಿಡಿಸಿಕೊಂಡರು. ಸಿಎಸ್‌ಕೆಯ ಸ್ಥಾಪಕ ಇಸಾವೊ ಒಕಾವಾ ಸೆಗಾದ ಛೇರ್ಮನ್ ಆದರು, ನಕಾಯಾಮಾ ಅಧ್ಯಕ್ಷರಾದರು. ಹೀಗೆ ಸೆಗಾ ಒಡೆತನದ ಲೆಕ್ಕದಲ್ಲಿ ಬಹುಮಟ್ಟಿಗೆ ಜಪಾನಿ ಕಂಪನಿಯಾಗಲು 44 ವರ್ಷ ಹಿಡಿಯಿತು.

1988ರ ಅಕ್ಟೋಬರ್ 29ರಂದು ಬಂದ ಮೆಗಾ ಡ್ರೈವ್ ಈ ಕಂಪನಿ ತಯಾರಿಸಿದ ಕನ್ಸೋಲ್‌ಗಳಲ್ಲಿ ಅತ್ಯಂತ ಯಶಸ್ವಿಯಾದದ್ದು, ಮತ್ತು ಅದು ಆರ್ಕೇಡಿನ ನೇರ ಸಂತಾನ. ಸೆಗಾದ ಸಿಸ್ಟಮ್ 16 ಎಂಬ ಆರ್ಕೇಡ್ ಬೋರ್ಡಿನ, ಅಂದರೆ ಆರ್ಕೇಡ್ ಯಂತ್ರದೊಳಗಿನ ಎಲೆಕ್ಟ್ರಾನಿಕ್ ಫಲಕದ, ವಿನ್ಯಾಸವನ್ನೇ ಆಧರಿಸಿ, ಅದರಲ್ಲಿದ್ದ ಮೋಟೊರೋಲಾ 68000 ಪ್ರೊಸೆಸರನ್ನೇ ಇಟ್ಟು, ಯಂತ್ರದ ಮೇಲೆ ಹೊಂಬಣ್ಣದಲ್ಲಿ 16 ಬಿಟ್ ಎಂದು ಬರೆದು ಅದನ್ನು ಮಾರಲಾಯಿತು. ಅಮೆರಿಕದಲ್ಲಿ ಅದಕ್ಕೆ ಜೆನೆಸಿಸ್ ಎಂಬ ಹೆಸರು. 1990ರಲ್ಲಿ ಅಮೆರಿಕದ ಶಾಖೆಯ ಮುಖ್ಯಸ್ಥರಾಗಿ ಬಂದ ಟಾಮ್ ಕಲಿನ್‌ಸ್ಕಿ ಅದಕ್ಕೂ ಮೊದಲು ಆಟಿಕೆ ಕಂಪನಿ ಮ್ಯಾಟೆಲ್‌ನಲ್ಲಿ ದುಡಿದಿದ್ದವರು. ಬೆಲೆ ಇಳಿಸಬೇಕು, ಅಮೆರಿಕದ ಮಕ್ಕಳಿಗೆ ಬೇಕಾದ ಆಟಗಳನ್ನು ಅಲ್ಲಿಯೇ ತಯಾರಿಸಬೇಕು, ನಿಂಟೆಂಡೊ ಹೆಸರು ಹಿಡಿದೇ ಜಾಹೀರಾತು ಕೊಡಬೇಕು, ಕನ್ಸೋಲಿನ ಜೊತೆಗೆ ಕಂಪನಿಯ ಅತ್ಯುತ್ತಮ ಹೊಸ ಆಟವನ್ನೇ ಉಚಿತವಾಗಿ ಕೊಡಬೇಕು ಎಂಬುದು ಅವರ ಯೋಜನೆ. ಟೋಕಿಯೋದ ಆಡಳಿತ ಮಂಡಳಿಗೆ ಇದರಲ್ಲಿ ಯಾವುದೂ ಹಿಡಿಸಲಿಲ್ಲ, ಆದರೂ ನಕಾಯಾಮಾ ಒಪ್ಪಿಗೆ ಕೊಟ್ಟರು. 1991ರಲ್ಲಿ ಯುಜಿ ನಾಕಾ, ನಾವೊತೊ ಓಶಿಮಾ ಮತ್ತು ಹಿರೊಕಾಝು ಯಸುಹಾರಾ ರೂಪಿಸಿದ, ಸೋನಿಕ್ ಎಂಬ ನೀಲಿ ಮುಳ್ಳುಹಂದಿ ಮಿಂಚಿನಂತೆ ಓಡುವ ಆಟ ಬಂದು, ಕನ್ಸೋಲಿನ ಜೊತೆಗೇ ಮನೆ ಸೇರಿತು. ನಿಂಟೆಂಡೊವನ್ನು ಅದರ ಭದ್ರಕೋಟೆಯಾದ ಅಮೆರಿಕದಲ್ಲಿಯೇ ಸೆಗಾ ಕೆಲಕಾಲ ಹಿಂದಿಕ್ಕಿತು. ಮೆಗಾ ಡ್ರೈವ್ ಜಗತ್ತಿನಾದ್ಯಂತ ಸುಮಾರು 3 ಕೋಟಿ ಮಾರಾಟವಾಯಿತು, ಆದರೆ ತವರಾದ ಜಪಾನಿನಲ್ಲಿ ಅದಕ್ಕೆ ಮೇಲುಗೈ ಸಿಗಲೇ ಇಲ್ಲ. ಒಂದು ಕಂಪನಿಯ ಶಾಖೆ ಗೆಲ್ಲುತ್ತಿದ್ದು ಕೇಂದ್ರ ಕಚೇರಿ ಸೋಲುತ್ತಿದ್ದರೆ ಅವೆರಡರ ನಡುವಿನ ಸಂಬಂಧ ಸುಗಮವಾಗಿರುವುದು ಕಷ್ಟ.

ಆರ್ಕೇಡಿನ ಲೆಕ್ಕಾಚಾರ ಸೆಗಾಕ್ಕೆ ತಿರುಗುಬಾಣವಾದದ್ದು ಇಲ್ಲಿಂದ ಮುಂದೆ. ಆರ್ಕೇಡ್ ನಡೆಸುವವನಿಗೆ ಯಂತ್ರವೆಂದರೆ ದುಡಿಯುವ ಸಾಧನ. ಅದರ ಗಳಿಕೆ ಇಳಿದಾಗ ಅದನ್ನು ತೆಗೆದು ಹೊಸದನ್ನು ಇಡುತ್ತಾನೆ. ಹೊಸ ಯಂತ್ರ ಬೇಗ ಬಂದಷ್ಟೂ ಅವನಿಗೆ ಲಾಭ. ಆಟಗಾರನಿಗೂ ನಷ್ಟವಿಲ್ಲ, ಅವನು ಕೊಟ್ಟದ್ದು ಒಂದು ನಾಣ್ಯ ಮಾತ್ರ. ಮನೆಗೆ ಕನ್ಸೋಲ್ ಕೊಂಡವರ ಸ್ಥಿತಿ ಬೇರೆ. ಅವರು ಒಮ್ಮೆಲೇ ದೊಡ್ಡ ಮೊತ್ತ ಕೊಟ್ಟು, ಮುಂದಿನ ನಾಲ್ಕೈದು ವರ್ಷ ಹೊಸ ಆಟಗಳು ಬರುತ್ತಲೇ ಇರುತ್ತವೆ ಎಂಬ ಭರವಸೆಯನ್ನೂ ಅದರ ಜೊತೆಗೆ ಕೊಂಡಿರುತ್ತಾರೆ. ಸೆಗಾ ಆ ಭರವಸೆಯನ್ನು ಪದೇ ಪದೇ ಮುರಿಯಿತು. 1991ರಲ್ಲಿ ಮೆಗಾ ಡ್ರೈವ್‌ಗೆ ಜೋಡಿಸುವ ಮೆಗಾ ಸಿಡಿ ಬಂತು. 1994ರ ನವೆಂಬರಿನಲ್ಲಿ ಅಮೆರಿಕದಲ್ಲಿ 32ಎಕ್ಸ್ ಎಂಬ ಇನ್ನೊಂದು ಜೋಡಣೆ ಬಂತು. ಅದೇ ತಿಂಗಳ 22ರಂದು ಜಪಾನಿನಲ್ಲಿ ಅದಕ್ಕೆ ಸಂಬಂಧವೇ ಇಲ್ಲದ, ಅದಕ್ಕಿಂತ ಬಲಶಾಲಿಯಾದ ಸ್ಯಾಟರ್ನ್ ಕನ್ಸೋಲ್ ಬಿಡುಗಡೆಯಾಯಿತು. 32ಎಕ್ಸ್ ಕೊಂಡವರು ಅದರ ಪೆಟ್ಟಿಗೆ ತೆರೆಯುವ ಹೊತ್ತಿಗೇ ಅದರ ಆಯುಷ್ಯ ಮುಗಿದಿತ್ತು ಎಂದರೆ ಅತಿಶಯವಲ್ಲ.

1995ರ ಮೇ 11ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ, ವಿಡಿಯೋ ಆಟಗಳ ಉದ್ಯಮದ ಮೊದಲ ಇ3 ಮೇಳದ ಘಟನೆಯನ್ನು ಎಷ್ಟು ಬಾರಿ ಓದಿದರೂ ನನಗೆ ಸಂಕಟವಾಗುತ್ತದೆ. ಸೆಪ್ಟೆಂಬರ್ 2ಕ್ಕೆ ನಿಗದಿಯಾಗಿದ್ದ ಸ್ಯಾಟರ್ನ್, 399 ಡಾಲರ್ ಬೆಲೆಗೆ, ಆಯ್ದ ನಾಲ್ಕು ಮಾರಾಟ ಜಾಲಗಳಲ್ಲಿ ಈಗಾಗಲೇ ಲಭ್ಯವಿದೆ ಎಂದು ಕಲಿನ್‌ಸ್ಕಿ ವೇದಿಕೆಯಿಂದ ಘೋಷಿಸಿದರು. ಸೋನಿಯ ಪ್ಲೇಸ್ಟೇಷನ್‌ಗಿಂತ ಮೊದಲೇ ಅಂಗಡಿ ಸೇರಬೇಕೆಂಬ ಟೋಕಿಯೋದ ಆದೇಶವನ್ನು ಅವರು ಪಾಲಿಸಿದ್ದರು. ಸೆಪ್ಟೆಂಬರಿಗೆ ಆಟ ಸಿದ್ಧಪಡಿಸುತ್ತಿದ್ದ ಹೊರಗಿನ ತಯಾರಕರಿಗೆ ಇದರ ಸುಳಿವಿರಲಿಲ್ಲ. ಆ ನಾಲ್ಕರಲ್ಲಿ ಸ್ಥಾನ ಸಿಗದ ಮಾರಾಟಗಾರರು ಸಿಟ್ಟಾದರು, ಕೆಬಿ ಟಾಯ್ಸ್ ಸ್ಯಾಟರ್ನನ್ನು ಮಾರುವುದಿಲ್ಲವೆಂದೇ ತೀರ್ಮಾನಿಸಿತು. ಅದೇ ಮೇಳದಲ್ಲಿ ಸೋನಿಯ ಸ್ಟೀವ್ ರೇಸ್ ವೇದಿಕೆ ಹತ್ತಿ, ಪ್ಲೇಸ್ಟೇಷನ್ನಿನ ಡಾಲರ್ ಬೆಲೆಯಾದ 299 ಎಂಬ ಒಂದೇ ಸಂಖ್ಯೆ ಹೇಳಿ ಇಳಿದು ಬಂದರು. ಯಾರೂ ನಿರೀಕ್ಷಿಸದ ದಿನ ಹೊಸ ಯಂತ್ರ ತಂದಿಟ್ಟು ಬೆರಗುಗೊಳಿಸುವುದು ಆರ್ಕೇಡಿನಲ್ಲಿ ಸಲ್ಲುವ ನಡೆ. ಕನ್ಸೋಲಿನ ವ್ಯಾಪಾರ ಮಾತ್ರ ತಿಂಗಳುಗಟ್ಟಲೆ ಮುಂಚಿತವಾಗಿ ಅಂಗಡಿಯವರನ್ನೂ ಆಟ ತಯಾರಕರನ್ನೂ ಸಜ್ಜುಗೊಳಿಸಿ ಕಟ್ಟುವಂಥದ್ದು. ಸ್ಯಾಟರ್ನ್ ಒಳಗಿನ ಎರಡು ಹಿಟಾಚಿ ಪ್ರೊಸೆಸರ್‌ಗಳನ್ನು ಏಕಕಾಲಕ್ಕೆ ದುಡಿಸುವುದು ಹೊರಗಿನವರಿಗೆ ತಲೆನೋವಾಗಿತ್ತು ಎಂಬುದೂ ನಿಜ. ಆದರೆ ಯಂತ್ರದ ದೋಷಕ್ಕಿಂತ ವಿಶ್ವಾಸದ ನಷ್ಟವೇ ದೊಡ್ಡದೆಂದು ನಾನು ತಿಳಿಯುತ್ತೇನೆ. ಕಲಿನ್‌ಸ್ಕಿ 1996ರಲ್ಲಿ ಹೊರನಡೆದರು.

1997ರ ಜನವರಿಯಲ್ಲಿ ಆಟಿಕೆ ಕಂಪನಿ ಬಂದಾಯ್ ಜೊತೆಗಿನ ವಿಲೀನ ಪ್ರಕಟವಾಯಿತು, ಬಂದಾಯ್ ಒಳಗಿನ ವಿರೋಧದಿಂದಾಗಿ ಮೇ ತಿಂಗಳಲ್ಲಿ ಮುರಿದುಬಿತ್ತು. 1998ರ ಮಾರ್ಚಿಗೆ ಕೊನೆಗೊಂಡ ವರ್ಷದಲ್ಲಿ ಸೆಗಾದ ಒಟ್ಟು ನಷ್ಟ 3,560 ಕೋಟಿ ಯೆನ್. ನಕಾಯಾಮಾ ಅಧ್ಯಕ್ಷ ಸ್ಥಾನ ಬಿಟ್ಟರು, ಹೋಂಡಾ ಕಂಪನಿಯಿಂದ ಬಂದಿದ್ದ ಶೋಯಿಚಿರೊ ಇರಿಮಾಜಿರಿ ಆ ಸ್ಥಾನಕ್ಕೆ ಬಂದರು. 1998ರ ನವೆಂಬರ್ 27ರಂದು ಜಪಾನಿನಲ್ಲಿಯೂ 1999ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲಿಯೂ ಬಂದ ಡ್ರೀಮ್‌ಕಾಸ್ಟ್, ನಾವೊಮಿ ಎಂಬ ಆರ್ಕೇಡ್ ಬೋರ್ಡಿನ ಒಡಹುಟ್ಟು. ಅಂತರ್ಜಾಲದಲ್ಲಿ ಆಡಲು ಮೋಡೆಮ್ ಅದರೊಳಗೇ ಇತ್ತು. ಅದು ಒಳ್ಳೆಯ ಯಂತ್ರವಾಗಿತ್ತು, ಅಮೆರಿಕದಲ್ಲಿ ಅದರ ಆರಂಭವೂ ಭರ್ಜರಿಯಾಗಿತ್ತು. ಆದರೆ ಹಿಂದೆ ಕೈಸುಟ್ಟುಕೊಂಡಿದ್ದ ಬಹಳ ಮಂದಿ, ಡಿವಿಡಿಯನ್ನೂ ನಡೆಸುವ ಪ್ಲೇಸ್ಟೇಷನ್ 2 ಬರುವವರೆಗೆ ಕಾದರು. ಒಟ್ಟು 91 ಲಕ್ಷದಷ್ಟು ಮಾರಾಟವಾದ ಡ್ರೀಮ್‌ಕಾಸ್ಟ್ ತಯಾರಿಕೆಯನ್ನು ನಿಲ್ಲಿಸುವುದಾಗಿ 2001ರ ಜನವರಿ 31ರಂದು ಸೆಗಾ ಪ್ರಕಟಿಸಿತು.

ಆ ದಿನಗಳ ಇಸಾವೊ ಒಕಾವಾ ಅವರ ನಡೆಯನ್ನು ಗೌರವದಿಂದಲೇ ದಾಖಲಿಸಬೇಕು. ಕಂಪನಿಗೆ ತಮ್ಮ ಸ್ವಂತ ಹಣವನ್ನು ಸಾಲವಾಗಿ ಕೊಟ್ಟಿದ್ದ ಅವರು, ಅನಾರೋಗ್ಯದ ನಡುವೆ ಆ ಸಾಲವನ್ನು ಮನ್ನಾ ಮಾಡಿ, ಸುಮಾರು 69.5 ಕೋಟಿ ಡಾಲರ್ ಬೆಲೆಯ ತಮ್ಮ ಸೆಗಾ ಮತ್ತು ಸಿಎಸ್‌ಕೆ ಷೇರುಗಳನ್ನೂ ಸೆಗಾಕ್ಕೆ ಬಿಟ್ಟುಕೊಟ್ಟರು. 2001ರ ಮಾರ್ಚ್ 16ರಂದು ಅವರು ತೀರಿಕೊಂಡರು. ಕನ್ಸೋಲ್ ತಯಾರಿಕೆಯಿಂದ ಕಂಪನಿ ಹಿಂದೆ ಸರಿಯಬೇಕೆಂದು ಮೊದಲೇ ಒತ್ತಾಯಿಸಿದ್ದವರೂ ಅವರೇ. ಅದೇ ವರ್ಷ ಡಿಸೆಂಬರಿನಲ್ಲಿ ಸೋನಿಕ್ ನಿಂಟೆಂಡೊ ಯಂತ್ರಗಳ ಮೇಲೆ ಓಡತೊಡಗಿದ.

2003ರಲ್ಲಿ ಸ್ಯಾಮಿ ಎಂಬ ಕಂಪನಿಯೊಂದಿಗೆ ವಿಲೀನದ ಮಾತುಕತೆ ನಡೆಯಿತು, ನಡುವೆ ಆಟ ತಯಾರಿಸುವ ನಾಮ್ಕೊ ಕಂಪನಿ ಕೂಡ ಪ್ರಸ್ತಾವ ಇಟ್ಟಿತು, ಎರಡೂ ಕೈಗೂಡಲಿಲ್ಲ. ಕೊನೆಗೆ ಸಿಎಸ್‌ಕೆ ಬಳಿ ಇದ್ದ ಸೆಗಾ ಷೇರುಗಳನ್ನು ಸ್ಯಾಮಿ ಕೊಂಡುಕೊಂಡು, 2004ರ ಅಕ್ಟೋಬರಿನಲ್ಲಿ ಹಾಜಿಮೆ ಸಾತೊಮಿ ಅವರ ನೇತೃತ್ವದಲ್ಲಿ ಸೆಗಾ ಸ್ಯಾಮಿ ಹೋಲ್ಡಿಂಗ್ಸ್ ಸ್ಥಾಪನೆಯಾಯಿತು. ಸ್ಯಾಮಿ ತಯಾರಿಸುತ್ತಿದ್ದುದು ಪಚಿಂಕೊ ಮತ್ತು ಪಚಿಸ್ಲಾಟ್ ಯಂತ್ರಗಳನ್ನು. ಪಚಿಂಕೊ ಎಂದರೆ ಸಣ್ಣ ಉಕ್ಕಿನ ಗುಂಡುಗಳನ್ನು ಹಾರಿಸಿ ಅದೃಷ್ಟ ನೋಡುವ ಯಂತ್ರ. ಪಚಿಸ್ಲಾಟ್ ಎಂದರೆ ಜಪಾನಿನ ಸ್ಲಾಟ್ ಯಂತ್ರವೇ. ಹೊನೊಲುಲುವಿನ ಸ್ಲಾಟ್ ಯಂತ್ರಗಳಿಂದ ಹೊರಟ ಕಂಪನಿ 64 ವರ್ಷಗಳ ಬಳಿಕ ಸ್ಲಾಟ್ ಯಂತ್ರದ ಮನೆಗೇ ಬಂದು ಸೇರಿತು. ಅಭಿಮಾನಿಗಳು ಇದನ್ನು ಅವನತಿಯೆಂದು ಬಗೆದರು. ನನಗೆ ಹಾಗೆನಿಸುವುದಿಲ್ಲ, ಸೆಗಾದ ಸ್ವಭಾವವನ್ನು ಬಲ್ಲ ಒಡೆಯನೇ ಅದಕ್ಕೆ ಸಿಕ್ಕಿದ್ದ.

ನಂತರದ ವರ್ಷಗಳಲ್ಲಿ ಕಂಪನಿ ಆಟ ತಯಾರಿಸುವ ಸ್ಟುಡಿಯೋಗಳನ್ನು ಕೊಂಡು ಬೆಳೆಯಿತು: 2005ರಲ್ಲಿ ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ, 2006ರಲ್ಲಿ ಸ್ಪೋರ್ಟ್ಸ್ ಇಂಟರಾಕ್ಟಿವ್, 2013ರಲ್ಲಿ ಅಟ್ಲಸ್, 2023ರಲ್ಲಿ ಫಿನ್ಲೆಂಡಿನ ರೋವಿಯೋ. ಇವುಗಳಲ್ಲಿ ಅಟ್ಲಸ್ ನನ್ನ ಗಮನ ಸೆಳೆಯುವುದು ಬೇರೊಂದು ಕಾರಣಕ್ಕೆ. 1995ರಲ್ಲಿಯೇ ಅಟ್ಲಸ್ ಮತ್ತು ಸೆಗಾ ಜೊತೆಯಾಗಿ ಪ್ರಿಂಟ್ ಕ್ಲಬ್ ಎಂಬ, ಫೋಟೋ ತೆಗೆದು ಸ್ಟಿಕ್ಕರ್ ಮಾಡಿಕೊಡುವ ಬೂತ್ ತಂದಿದ್ದವು; ಜಪಾನಿನ ಶಾಲಾ ಹುಡುಗಿಯರು ಅದರ ಮುಂದೆ ಸಾಲುಗಟ್ಟಿದರು. ರೋಸೆನ್ 1954ರಲ್ಲಿ ನೆಚ್ಚಿಕೊಂಡಿದ್ದ ಫೋಟೋ ಬೂತ್ ನಾಲ್ಕು ದಶಕಗಳ ಬಳಿಕ ಆಟದ ರೂಪ ತಾಳಿ ಅದೇ ಕಂಪನಿಗೆ ಹಣ ತಂದಿತು.

ಸೆಗಾ ತಾನೇ ನಡೆಸುತ್ತಿದ್ದ ಆರ್ಕೇಡ್‌ಗಳು ಮಾತ್ರ ಉಳಿಯಲಿಲ್ಲ. ಕೋವಿಡ್ ಕಾಲದಲ್ಲಿ ಆದಾಯ ಕುಸಿದು, 2020ರ ಆಗಸ್ಟ್ 30ರಂದು ಟೋಕಿಯೋದ ಅಕಿಹಬಾರಾದಲ್ಲಿದ್ದ ಅದರ ಎರಡನೆಯ ಆರ್ಕೇಡ್ ಕಟ್ಟಡ ಬಾಗಿಲು ಮುಚ್ಚಿತು. ಅದೇ ವರ್ಷದ ಕೊನೆಯಲ್ಲಿ ಆರ್ಕೇಡ್ ನಡೆಸುವ ಉಪಕಂಪನಿಯ ಶೇಕಡಾ 85.1 ಷೇರುಗಳನ್ನು ಜೆಂಡಾ ಎಂಬ ಕಂಪನಿಗೆ ಮಾರಲಾಯಿತು, ಉಳಿದದ್ದು 2022ರ ಜನವರಿಯಲ್ಲಿ ಕೈಬದಲಾಯಿತು. ಮಳಿಗೆಗಳ ಮುಂದಿನ ಸೆಗಾ ಫಲಕಗಳನ್ನು ಒಂದೊಂದಾಗಿ ಇಳಿಸಿ ಗಿಗೊ ಎಂಬ ಹೆಸರು ಏರಿಸಲಾಯಿತು. ಅದು ಟೋಕಿಯೋದ ಇಕೆಬುಕುರೊದಲ್ಲಿದ್ದ ತನ್ನ ದೊಡ್ಡ ಆರ್ಕೇಡಿಗೆ ಸೆಗಾವೇ ಇಟ್ಟುಕೊಂಡಿದ್ದ ಹೆಸರು. ಒಳಗೆ ಹೋದವರು ಗೊಂಬೆ ಎತ್ತಲು ನಾಣ್ಯ ಹಾಕುವ ಯುಎಫ್‌ಒ ಕ್ಯಾಚರ್ ಯಂತ್ರಗಳು 1985ರಿಂದಲೂ ಸೆಗಾದ್ದೇ, ಫಲಕ ಇಳಿದ ಮೇಲೂ ಅವುಗಳನ್ನು ತಯಾರಿಸುತ್ತಿರುವುದು ಸೆಗಾ ಸಮೂಹವೇ.