ಬಟವಾಡೆ ದಿನ ತೂಗಿದ ಚಿತ್ರಗಳು

ನಾನು ಎಂಟನೇ ತರಗತಿಯಲ್ಲಿದ್ದಾಗ ವಾರಕ್ಕೆ ಒಂದೇ ಡ್ರಾಯಿಂಗ್ ಪೀರಿಯಡ್ ಇತ್ತು. ಅದನ್ನೂ ಗಣಿತಕ್ಕೆ ಕೊಡಬೇಕು ಅಂತ ಮಾತು ಶುರುವಾಗಿತ್ತು. ಹತ್ತನೇ ತರಗತಿವರೆಗೂ ಕಲೆ ಒಂದು ವಿಷಯವಾಗಿಯೇ ಇರಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಆಗ ನಮ್ಮ ಪರ ಮಾತಾಡಲು ಇದ್ದವರು ಡ್ರಾಯಿಂಗ್ ಮೇಷ್ಟ್ರು ಒಬ್ಬರೇ.

ಜನವರಿಯಲ್ಲಿ ಅವರು ಶಾಲೆಯಲ್ಲೇ ಒಂದು ಚಿತ್ರ ಪ್ರದರ್ಶನ ಇಟ್ಟರು. ಮನೆ ಮನೆಗೆ ಚೀಟಿ ಹೋಯಿತು. ಬಂದವರು ನಾಲ್ಕೇ ಜನ. ಬರುವುದಾದರೂ ಹೇಗೆ? ತೋಟದಲ್ಲಿ ರೊಬಸ್ಟಾ ಕಾಫಿ ಹಣ್ಣಾಗಿ ನಿಂತಿತ್ತು. ತೋಟಕ್ಕೆ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ತೋಟದ ಕೂಲಿಯವರು ಇರುವ ಲೈನ್ ಮನೆಯ ಅಪ್ಪ ಅಮ್ಮಂದಿರಿಗೆ ಕಲೆಯಲ್ಲಿ ಆಸಕ್ತಿ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಇವತ್ತಿಗೂ ಒಪ್ಪುವುದಿಲ್ಲ. ಅವರಿಗೆ ಪುರುಸೊತ್ತು ಇರಲಿಲ್ಲ, ಅಷ್ಟೇ. ಮೇಷ್ಟ್ರಿಗೂ ಇದು ಗೊತ್ತಿತ್ತು. "ಅವರಿಗೆ ಬರೋಕಾಗಲ್ಲ ಅಂದ್ರೆ ನಾವೇ ಹೋಗೋಣ" ಅಂದರು.

ಶನಿವಾರ ಬಟವಾಡೆ. ಸಂಬಳಕ್ಕೆ ಸಾಲು ನಿಲ್ಲುವ ಕಾಫಿ ಕಣದ ಪಕ್ಕ, ಎರಡು ಸಿಲ್ವರ್ ಮರಗಳ ನಡುವೆ ಹಗ್ಗ ಕಟ್ಟಿದೆವು. ತೋಟದವರನ್ನು ಮೇಷ್ಟ್ರು ಮೊದಲೇ ಕೇಳಿದ್ದರು. ಬಟ್ಟೆ ಕ್ಲಿಪ್ಪು ಹಾಕಿ ಚಿತ್ರಗಳನ್ನು ತೂಗಿಬಿಟ್ಟೆವು. ಎಲ್ಲವೂ ಹಳೆ ಕ್ಯಾಲೆಂಡರಿನ ಹಿಂದೆ ಬರೆದಿದ್ದು. ಕಂದು ಬಣ್ಣಕ್ಕೆ ಕಾಫಿ ಡಿಕಾಕ್ಷನ್. ಎಲ್ಲರಿಗೂ ಒಂದೇ ವಿಷಯ ಕೊಟ್ಟಿದ್ದರು: ಅಪ್ಪ ಅಮ್ಮ ಮಾಡುವ ಕೆಲಸ.

ನಾನು ಬರೆದಿದ್ದು ಅಪ್ಪ ಕರಿಮೆಣಸು ಕೊಯ್ಯುವುದನ್ನು. ಅಪ್ಪ ಸಾಲಿನಲ್ಲಿ ನಿಂತೇ ನೋಡಿದರು. ಆಮೇಲೆ ಸಾಲು ಬಿಟ್ಟು ಹತ್ತಿರ ಬಂದರು. ಏಣಿಯ ಮೇಲೆ ಬೆರಳಿಟ್ಟು, "ಇದು ಯಾವ ಊರಿನ ಏಣಿ? ಹತ್ತಿದವನು ಬೀಳ್ತಾನೆ" ಅಂದರು. ಪಾಠದ ಪುಸ್ತಕದಲ್ಲಿ ಇರುವಂಥ ಎರಡು ಕಾಲಿನ ಏಣಿ ಬರೆದಿದ್ದೆ. ನಮ್ಮ ತೋಟದ್ದು ಒಂಟಿ ಬಿದಿರಿನ ಏಣಿ. ದಿನಾ ನೋಡುತ್ತಿದ್ದರೂ ನಾನು ಸರಿಯಾಗಿ ನೋಡಿರಲಿಲ್ಲ. "ಹಾಗಾದ್ರೆ ಬಂದು ಮಕ್ಕಳಿಗೆ ತೋರಿಸಿ" ಅಂದರು ಮೇಷ್ಟ್ರು.

ಮುಂದಿನ ವಾರ ಅಪ್ಪ ಏಣಿ ಹೊತ್ತುಕೊಂಡೇ ಶಾಲೆಗೆ ಬಂದರು. ಹಲಸಿನ ಮರಕ್ಕೆ ಒರಗಿಸಿದರು. ಕಾಲು ಎಲ್ಲಿ ಇಡಬೇಕು, ಮೈಭಾರ ಯಾವ ಕಡೆ ಹಾಕಬೇಕು ಅಂತ ಹತ್ತಿ ತೋರಿಸಿದರು. ಇಡೀ ತರಗತಿ ಕೆಳಗೆ ಕೂತು ಅವರ ಚಿತ್ರ ಬರೆಯಿತು. ನನ್ನ ಅಪ್ಪನನ್ನು ಅಷ್ಟು ಜನ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಅಲ್ಲಿಯವರೆಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯ ಕಡೆ ತಲೆ ಹಾಕದ ಅಪ್ಪ, ಆ ಸಲ ಹೋಗಿ ಹಿಂದಿನ ಬೆಂಚಿನಿಂದ ಎದ್ದು ನಿಂತರಂತೆ. "ಮಡಿಕೇರಿ ದಸರೆಗೆ ಹತ್ತು ಮಂಟಪದ ಸ್ತಬ್ಧಚಿತ್ರ ನೋಡೋಕೆ ರಾತ್ರಿಯಿಡೀ ನಿಲ್ತೀವಿ, ಅಲ್ವಾ? ಅದನ್ನ ಮಾಡೋರು ಎಲ್ಲಿ ಕಲೀಬೇಕು?" ಎಂದು ಕೇಳಿದರಂತೆ. ಇನ್ನೂ ಕೆಲವರು ದನಿಗೂಡಿಸಿದರು. ಪೀರಿಯಡ್ ಉಳಿಯಿತು. ಪೇಟೆಯ ಅಂಗಡಿಯೊಂದು ವರ್ಷವಿಡೀ ಕಾಗದ ಕೊಟ್ಟಿತು. ನಮ್ಮಲ್ಲಿ ಕೆಲವರು ಡ್ರಾಯಿಂಗ್‌ನ ಲೋವರ್ ಗ್ರೇಡ್ ಪರೀಕ್ಷೆಯನ್ನೂ ಬರೆದೆವು.

ಈಗಲೂ ಶಾಲೆಯಲ್ಲಿ ಚಿತ್ರ ಬರೆಯುವ ಮಕ್ಕಳಿದ್ದಾರೆ. ಬರುವ ಜನವರಿಗೆ ಹಗ್ಗ, ಕ್ಲಿಪ್ಪು, ಕಾಗದ ನಾವು ಹಳೆ ವಿದ್ಯಾರ್ಥಿಗಳು ತರುತ್ತೇವೆ. ಯಾವ ಕಣದಲ್ಲಿ ಕಟ್ಟಬೇಕು ಅಂತ ಟೀಚರ್ ಹೇಳಿದರೆ ಸಾಕು.